ಒಬ್ಬನಲ್ಲೇ ಕಂಡದ್ದು

ತುಂಗಭದ್ರೆಯ ದಡದ ಒಂದು ಕ್ಷಯದ ಆಸ್ಪತ್ರೆಯಲ್ಲಿ ತಿಪ್ಪೇರುದ್ರಯ್ಯ ಎಂಬ ಹಿರಿಯ ವೈದ್ಯರಿದ್ದರು. ಅವರ ಬಳಿ ಕಲಿಯಲು ಬಂದವಳು ಮೇದಿನಿ. ಔಷಧಿಗೆ ಬಗ್ಗದ ರೋಗಾಣುಗಳನ್ನು ಪರೀಕ್ಷಿಸುವುದು ಅವಳ ಕೆಲಸ.

ಆ ಬೇಸಿಗೆಯಲ್ಲಿ ಹುಲಗಪ್ಪ ಎಂಬ ಲಾರಿ ಡ್ರೈವರ್ ಬಂದು ಸೇರಿದ. ಎಷ್ಟು ಮಾತ್ರೆ ನುಂಗಿದರೂ ಜ್ವರ ಬಿಡಲಿಲ್ಲ. ಅವನ ಕಫದಲ್ಲಿದ್ದ ರೋಗಾಣುವಿನ ಜೀನ್‌ನಲ್ಲಿ ಮೇದಿನಿಗೆ ಒಂದು ಸಣ್ಣ ಬದಲಾವಣೆ ಕಂಡಿತು. ಔಷಧಿ ಬದಲಿಸಿದರು. ಹುಲಗಪ್ಪ ಚೇತರಿಸಿಕೊಂಡ.

ಇಂಥ ಬದಲಾವಣೆಗಳನ್ನು ದೇಶದೇಶಗಳ ವೈದ್ಯರು ಕಂಪ್ಯೂಟರಿನಲ್ಲಿ ಒಂದೇ ಕಡೆ ಕೂಡಿಡುತ್ತಿದ್ದರು. ಯಾರು ಬೇಕಾದರೂ ನೋಡಬಹುದಿತ್ತು. ಮೇದಿನಿ ಹುಡುಕಿದಳು. ತಾನು ಕಂಡದ್ದು ಅಲ್ಲಿರಲಿಲ್ಲ.

"ಹಾಗಾದರೆ ಸೇರಿಸು," ಅಂದರು ಗುರುಗಳು.

"ಒಬ್ಬನಲ್ಲಿ ಕಂಡದ್ದು ಗುರುಗಳೇ. ತಪ್ಪಾದರೆ?"

"ತಪ್ಪಿರಬಹುದು ಅಂತಲೂ ಬರೆ."

ಮೇದಿನಿ ಹೂಂ ಅಂದಳು, ಬರೆಯಲಿಲ್ಲ. ಇನ್ನೊಬ್ಬ ರೋಗಿ ಸಿಗಲಿ, ಆಗ ಧೈರ್ಯವಾಗಿ ಬರೆಯೋಣ ಎಂದು ಕಾದಳು.

ಮಳೆಗಾಲ ಮುಗಿದ ಮೇಲೆ ಮಣಿಪುರದಿಂದ ಫೋನ್ ಬಂತು. ಮೆಮ್ಚಾ ಎಂಬ ವೈದ್ಯೆ ಊರೂರಿನ ಕ್ಷಯದ ಆಸ್ಪತ್ರೆಗಳನ್ನು ವಿಚಾರಿಸುತ್ತಿದ್ದಳು. ಶಾಲೆಗೆ ಹೋಗುವ ಹುಡುಗಿಯೊಬ್ಬಳಲ್ಲಿ ಅವಳಿಗೂ ಅದೇ ಬದಲಾವಣೆ ಕಂಡಿತ್ತು.

"ಎಲ್ಲೂ ದಾಖಲಾಗಿರಲಿಲ್ಲ. ಅದಕ್ಕೆ ಹಳೇ ಔಷಧಿಯನ್ನೇ ಮುಂದುವರಿಸಿದೆ," ಅಂದಳು ಮೆಮ್ಚಾ. "ಹುಡುಗಿಯ ಒಂದು ಶ್ವಾಸಕೋಶ ಹಾಳಾಯಿತು. ಒಬ್ಬಳಲ್ಲೇ ಕಂಡದ್ದಲ್ಲವಾ ಅಂತ ನಾನೂ ಸೇರಿಸಲಿಲ್ಲ. ನೀವು ನೋಡಿದ್ದೀರಾ?"

ಮೇದಿನಿ ಹುಲಗಪ್ಪನಿಗೆ ಕೊಟ್ಟ ಔಷಧಿಯ ಹೆಸರು ಹೇಳಿದಳು. ಫೋನ್ ಇಟ್ಟವಳು ನೇರ ಗುರುಗಳ ಕೋಣೆಗೆ ಹೋದಳು. ಫೋನಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು.

"ಹುಡುಗಿ ಹೇಗಿದ್ದಾಳೆ?" ಅಂತ ಕೇಳಿದರು ಗುರುಗಳು.

"ಬದುಕಿದ್ದಾಳೆ. ಇವತ್ತಿನಿಂದ ಔಷಧಿ ಬದಲಿಸುತ್ತಾರಂತೆ. ನಾನು ಆಗಲೇ ಬರೆದಿದ್ದರೆ..."

ಗುರುಗಳು ಆ ಮಾತನ್ನು ಮುಂದುವರಿಸಲು ಬಿಡಲಿಲ್ಲ. ಅವಳ ಕೈಗೆ ನೀರಿನ ಲೋಟ ಕೊಟ್ಟರು. ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಎಳೆದು, ಒಂದರಲ್ಲಿ ತಾವು ಕೂತರು.

"ಬಾ. ಹುಲಗಪ್ಪನಲ್ಲಿ ಕಂಡದ್ದನ್ನು ಬರೆ. ಅವತ್ತು ನಿನಗೆ ಎಷ್ಟು ಗೊತ್ತಿತ್ತೋ ಅಷ್ಟೇ."

ಮೇದಿನಿ ಕಣ್ಣೊರೆಸಿಕೊಂಡು ಬರೆದಳು: ಬದಲಾವಣೆ ಇಂಥದ್ದು. ರೋಗಿ ಒಬ್ಬ. ಔಷಧಿ ಬದಲಿಸಿದ ಮೇಲೆ ಗುಣ. ಹಳೇ ಔಷಧಿ ನಾಟದ್ದಕ್ಕೆ ಈ ಬದಲಾವಣೆಯೇ ಕಾರಣವೋ ಅಲ್ಲವೋ ತಿಳಿದಿಲ್ಲ.

ಬರೆದದ್ದನ್ನು ಓದಿ ಅವಳಿಗೇ ಸಂಕೋಚವಾಯಿತು.

"ಇದು ಬರೀ ಅರ್ಧ ಮಾತು ಗುರುಗಳೇ."

"ಅರ್ಧವೇ ತಾಯಿ," ಅಂದರು ಅವರು. "ಇನ್ನರ್ಧ ಮಣಿಪುರದಲ್ಲಿ ಕೂತು ಇದಕ್ಕಾಗಿ ಕಾಯುತ್ತಿತ್ತು."