ಅಳಿಲಮ್ಮ ಮರೆತ ಬಾದಾಮಿ

ಕಾಡಿನ ಕಾಲೇಜಿಗೆ ಇಪ್ಪತ್ತು ವರ್ಷ ನಾನೇ ಪ್ರಿನ್ಸಿಪಾಲನಾಗಿದ್ದೆ. ಸುಳ್ಳು ಬಿಡಿ, ನನ್ನನ್ನು ಅದರ ಗೇಟಿನೊಳಗೂ ಬಿಟ್ಟಿಲ್ಲ. ಚಹಾ ಕುಡಿಯುತ್ತಾ ಕೇಳಿ, ಮುಂದಿನದು ಮಾತ್ರ ನಿಜ.

ಮಗಳ ಕಾಲೇಜು ಶುಲ್ಕ ಕಟ್ಟಲಾಗದ ಅಳಿಲಮ್ಮ ವಿದ್ಯಾರ್ಥಿವೇತನ ಕೇಳಲು ಗೂಬೆರಾಯರ ಕಚೇರಿಗೆ, ಅಂದರೆ ಬಾದಾಮಿ ಮರದ ಪೊಟರೆಗೆ, ಹೋದಳು.

"ಕೊಡಲು ಬರುವುದಿಲ್ಲಮ್ಮ," ಎಂದರು ಗೂಬೆರಾಯರು. "ಆದಾಯದ ಮಿತಿ ನೂರು ಬಾದಾಮಿ. ನೀವು ನೂರೈವತ್ತು ಕೂಡಿಹಾಕಿದ್ದೀರಿ ಎನ್ನುತ್ತದೆ ನಿಮ್ಮ ಪ್ರಮಾಣಪತ್ರ."

"ಕೂಡಿಹಾಕಿದ್ದು ನಿಜ ಸ್ವಾಮಿ. ಎಲ್ಲವನ್ನೂ ಮಣ್ಣಲ್ಲಿ ಹೂತಿಟ್ಟೆ. ಆಮೇಲೆ ಎಷ್ಟೋ ಕಾಯಿ ಎಲ್ಲಿಟ್ಟೆ ಅನ್ನುವುದೇ ಮರೆತುಹೋಯಿತು. ನಮ್ಮ ಕುಲವೇ ಹಾಗೆ."

"ಮರೆತಿದ್ದಕ್ಕೆ ಸಾಕ್ಷಿ?"

"ಸ್ವಲ್ಪ ಕೆಳಗೆ ನೋಡಿ."

ಗೂಬೆರಾಯರು ಬಗ್ಗಿ ನೋಡಿದರು. ಅಂಗಳದ ತುಂಬ ಬಾದಾಮಿ ಸಸಿಗಳು.

"ಮೊಳೆತ ಮೇಲೆ ಅದು ನಮ್ಮ ಹೊಟ್ಟೆಗಿಲ್ಲ ಸ್ವಾಮಿ. ನೀವು ಕೂತಿರುವ ಈ ಮರವೂ ನಮ್ಮಜ್ಜಿ ಮರೆತ ಒಂದು ಕಾಯಿಯೇ."

ಗೂಬೆರಾಯರು ಕೂತ ಪೊಟರೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಅರವತ್ತು ಸಸಿ ಎಣಿಸಿ, ಆದಾಯದಲ್ಲಿ ಕಳೆದು, ಅರ್ಜಿಗೆ ಸಹಿ ಹಾಕಿದರು. ಅಳಿಲಮ್ಮ ಅಂದು ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ಬಾಲ ಚಾಚಿ ಮಲಗಿದಳು.

ಕಾಗದದ ಮೇಲೆ ನನ್ನ ಆದಾಯವೂ ದೊಡ್ಡದೇ ಸ್ವಾಮಿ. ಎಲ್ಲಿ ಹೂತಿಟ್ಟೆನೋ ನೆನಪಾಗುತ್ತಿಲ್ಲ. ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.