ಒದ್ದೆ ಹೊಟ್ಟೆಯ ಟಿಟ್ಟಿಭ

ಆ ವರ್ಷದ ಚಳಿ ಬೋಳುಗುಡ್ಡದ ಹುಲ್ಲನ್ನೆಲ್ಲ ಕರಕು ಮಾಡಿತ್ತು. ಗುಡ್ಡದ ಮೇಲಿನ ಹೊಂಡದ ಅಂಚಿನಲ್ಲಿ ಓಡಾಡಿಕೊಂಡಿದ್ದ ಟಿಟ್ಟಿಭ ಹಕ್ಕಿಗಳು ಎತ್ತ ಹೋದವೋ ಶಿವನೇ ಬಲ್ಲ.

ಗುಡ್ಡದ ಬುಡದ ಆಶ್ರಮದಲ್ಲಿ ಅಜ್ಜನವರೂ ಅದೇ ಚಳಿಗೆ ಹಾಸಿಗೆ ಹಿಡಿದರು. ಶಿಷ್ಯ ಬಸಲಿಂಗ ಅವರ ಮಂಚದ ಮಗ್ಗುಲು ಬಿಟ್ಟು ಏಳಲಿಲ್ಲ. ಗುರುವಿನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತ. ತಾನು ಕಣ್ಣು ತೆಗೆದರೆ ಎಲ್ಲಿ ಆ ಉಸಿರು ನಿಂತೀತೋ ಎಂಬ ಅಂಜಿಕೆ ಅವನದು.

ಯುಗಾದಿಯ ಹೊತ್ತಿಗೆ ಅಜ್ಜ ಎದ್ದು ಕೂತರು. ಗಂಜಿ ಬಿಟ್ಟು ರೊಟ್ಟಿ ಮುರಿದರು. ಬಸಲಿಂಗ ಮಾತ್ರ ಕೂತಲ್ಲೇ ಕೂತಿದ್ದ.

“ಏನು ನೋಡ್ತೀಯೋ ಹಿಂಗ?”

“ಏನಿಲ್ರಿ ಅಜ್ಜಾ. ನೀವು ಮಲಗ್ರಿ.”

“ನೀ ಗೂಗಿಹಂಗ ಕಣ್ಣು ಬಿಟ್ಕೊಂಡು ಕುಂತ್ರ ನನಗ ನಿದ್ದಿ ಎಲ್ಲಿಂದ ಬರಬೇಕು? ಗುಡ್ಡ ಹತ್ತಿ ಬಾ ಹೋಗು. ಟಿಟ್ಟಿಭ ತಿರುಗಿ ಬಂದಾವೇನು ನೋಡು. ಆ ದನಿ ಕೇಳದ ಭಾಳ ದಿನ ಆತು.”

ಗುರು ಕೇಳಿದ್ದೇ ಸಾಕಾಯಿತು ಬಸಲಿಂಗನಿಗೆ. ಭಕ್ತರೊಬ್ಬರು ಆಶ್ರಮಕ್ಕೆ ಕೊಟ್ಟಿದ್ದ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಸುಕಿನಲ್ಲೇ ಹತ್ತಿದ. ಇಳಿದು ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ಮುಖ ಅರಳಿತ್ತು.

“ಒಂದು ಜೋಡಿ ಬಂದೈತ್ರಿ ಅಜ್ಜಾ. ಹೊಂಡದ ದಂಡ್ಯಾಗ, ಬರೇ ಹರಳಿನ ಮ್ಯಾಲ ತತ್ತಿ ಇಟ್ಟಾವು. ಫೋಟೋ ತಂದೀನಿ.”

ಅಜ್ಜ ಕ್ಯಾಮೆರಾವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು. ಎಲ್ಲ ಚಿತ್ರದಲ್ಲೂ ಹಕ್ಕಿ ಕೊಕ್ಕು ತೆರೆದಿತ್ತು, ರೆಕ್ಕೆ ಎತ್ತಿತ್ತು.

“ಏನು ಮಾಡಾಕತ್ತೈತಿ ಇದು?”

“ಹಾಡಾಕತ್ತೈತ್ರಿ.”

“ಹಾಡಲ್ಲೋ ಹುಚ್ಚಪ್ಪಾ, ಬೈಗಳ. ಎಲ್ಲಾ ನಿನಗ. ಎಷ್ಟೊತ್ತು ನಿಂತಿದ್ದಿ?”

“ಮುಂಜಾನಿಂದ, ಇಲ್ಲೀತನ.”

“ತತ್ತಿ ಮ್ಯಾಲ ಕುಂತಿದ್ದು ಒಂದೂ ಇಲ್ಲಲ್ಲ.”

“ಕುಂದ್ರಲೇ ಇಲ್ರಿ ಅದು. ನಾನೂ ಬಿಡಲಿಲ್ಲ, ಕೂತ ಮ್ಯಾಲೇ ತಗದು ಬರಬೇಕಂತ ಕಾದೆ.”

ಅಜ್ಜ ಎದ್ದರು. ಅವನ ಕೈ ಹಿಡಿದು ಅಂಗಳಕ್ಕೆ ಕರೆತಂದು, ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಆ ಅಂಗೈ ಊರಿದರು. ಮೇಲೆ ತಮ್ಮ ಕೈಯನ್ನೂ ಇಟ್ಟರು.

ಬಸಲಿಂಗ ಹಲ್ಲು ಕಚ್ಚಿದ.

“ಸುಡತೈತೇನು?”

“ಸುಡತೈತ್ರಿ.”

“ತತ್ತಿ ಇಂಥಾ ಕಲ್ಲಿನ ಮ್ಯಾಲ ಅದಾವು. ಅದರವ್ವ ಹೊಂಡಕ್ಕಿಳಿದು, ಹೊಟ್ಟಿ ಒದ್ದಿ ಮಾಡ್ಕೊಂಡು ಬಂದು ಅವನ್ನ ತಂಪು ಮಾಡಬೇಕು. ನೀ ನಿಂತಿದ್ರ ಹೆಂಗ ಬಂದೀತು?”

ಬಸಲಿಂಗ ಗುಡ್ಡದ ಕಡೆ ನೋಡಿದ.

“ತತ್ತಿ ಕೆಟ್ಟಿರಬೇಕೇನ್ರಿ ಅಜ್ಜಾ?”

“ಗೊತ್ತಿಲ್ಲ. ನಾಳೆ ಇಬ್ಬರೂ ಹೋಗೂಣು.”

“ನಿಮ್ಮ ಮೊಣಕಾಲು?”

“ಅವನ್ನೂ ಕರಕೊಂಡು ಹೋಗೂಣು.”

ಮರುದಿನ ಬಸಲಿಂಗನ ಹೆಗಲು ಹಿಡಿದು, ಅಲ್ಲಲ್ಲಿ ಕೂತು, ಅಜ್ಜ ಗುಡ್ಡ ಹತ್ತಿದರು. ಇವರನ್ನು ಕಂಡದ್ದೇ ಜೋಡಿ ಹಕ್ಕಿಗಳು ಮೇಲೆದ್ದು ಬೊಬ್ಬೆ ಹಾಕಿದವು. ಗುರು ಶಿಷ್ಯರು ಗೂಡಿನಿಂದ ದೂರದಲ್ಲಿ ಲಂಟಾನದ ಪೊದೆಯೊಳಗೆ ಅಡಗಿ ಕೂತರು. ಬೊಬ್ಬೆ ನಿಲ್ಲಲಿಲ್ಲ.

ತುಸು ಹೊತ್ತಿಗೆ ಅಜ್ಜ ಕೋಲೂರಿ ಎದ್ದರು.

“ನೀ ಕೂಡು. ನಾ ಹೋಗತೀನಿ.”

“ಒಬ್ಬರೇ? ಬ್ಯಾಡ್ರಿ ಅಜ್ಜಾ, ನಾನೂ ಬರ್ತೀನಿ.”

“ಇಬ್ಬರೂ ಹೋದ್ರ ನೋಡವ್ರು ಯಾರು? ಇಬ್ಬರೂ ಕುಂತ್ರ ಅದು ಬರೂದಿಲ್ಲ. ಬಂದವ್ರು ಹೋದ್ರು ಅಂತ ಅದಕ್ಕ ಕಾಣಬೇಕು. ಏಳಬ್ಯಾಡ.”

ಅಜ್ಜ ಪೊದೆಯಿಂದ ಹೊರಬಿದ್ದು, ಬೇಕೆಂದೇ ಬಯಲಲ್ಲಿ ಕಾಣುವಂತೆ ನಡೆದರು. ಹಕ್ಕಿಗಳು ಅವರ ತಲೆಯ ಮೇಲೇ ಸುತ್ತುತ್ತ, ಬೈಯುತ್ತ ಬೆನ್ನು ಹತ್ತಿದವು. ಒಂದು ಕಡೆ ಅಜ್ಜನ ಕಾಲು ಜಾರಿತು. ಬಸಲಿಂಗ ಅರ್ಧ ಎದ್ದ. ಅಜ್ಜ ಕೋಲಿಗೆ ಆತು ಸಾವರಿಸಿಕೊಂಡರು, ಹಿಂತಿರುಗಿ ನೋಡಲಿಲ್ಲ. ಬಸಲಿಂಗ ಮತ್ತೆ ಕೂತ.

ಬಿಳಿ ಶಾಲು ದಿಬ್ಬದಾಚೆ ಇಳಿದು ಮರೆಯಾಯಿತು. ಚಳಿಗಾಲ ಕಳೆದ ಮೇಲೆ ಗುರು ಹೀಗೆ ಒಬ್ಬರೇ ನಡೆದದ್ದು ಇದೇ ಮೊದಲು.

ಬೊಬ್ಬೆ ನಿಂತಿತು. ಗುಡ್ಡವೆಲ್ಲ ಗಾಳಿಯ ಸದ್ದು.

ಒಂದು ಹಕ್ಕಿ ಹೊಂಡಕ್ಕಿಳಿಯಿತು. ನೀರಿನಲ್ಲಿ ಹೊಟ್ಟೆ ಅದ್ದಿ ಅದ್ದಿ ಎದ್ದಿತು. ನಾಲ್ಕು ಹೆಜ್ಜೆ ಓಡಿ ನಿಂತಿತು, ಸುತ್ತ ನೋಡಿತು, ಮತ್ತೆ ಓಡಿತು. ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತತ್ತಿಗಳನ್ನು ಕೊಕ್ಕಿನಿಂದ ಮೆಲ್ಲಗೆ ಸರಿಪಡಿಸಿ, ಅವುಗಳ ಮೇಲೆ ಒದ್ದೆ ಹೊಟ್ಟೆಯನ್ನು ಇಳಿಸಿತು.

ಬಸಲಿಂಗ ಕ್ಯಾಮೆರಾ ಎತ್ತಿದ. ಒಂದೇ ಒಂದು ಚಿತ್ರ ತೆಗೆದ. ಹಕ್ಕಿ ಮತ್ತೆ ನೀರಿಗೆ ಹೋದ ಹೊತ್ತು ನೋಡಿ, ಪೊದೆಯ ಹಿಂದಿನಿಂದ ಬಗ್ಗಿಕೊಂಡೇ ಇಳಿದ. ದಿಬ್ಬ ದಾಟಿದ್ದೇ ಓಡಿದ.

ಅಜ್ಜ ಆಶ್ರಮದಲ್ಲಿ ಮಂಚದ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ಕೂತಿತೇನು?”

“ಕೂತಿತ್ರಿ.” ಬಸಲಿಂಗ ಕ್ಯಾಮೆರಾ ಕೊಟ್ಟ.

ಅಜ್ಜ ಬಹಳ ಹೊತ್ತು ನೋಡಿದರು. ಕೊಕ್ಕು ಮುಚ್ಚಿತ್ತು. ರೆಕ್ಕೆ ಮಡಿಚಿತ್ತು.

“ಕಣ್ಣು ಮುಚ್ಚಿದಂಗ ಐತಲ್ಲೋ.”

“ಹೌದ್ರಿ. ನಾ ಇದ್ದದ್ದು ಅದಕ್ಕ ಗೊತ್ತ ಇರಲಿಲ್ಲ.”

ಅಜ್ಜ ನಕ್ಕು ಕ್ಯಾಮೆರಾ ಮರಳಿಸಿದರು. ಕಂಬಳಿ ಎಳೆದುಕೊಂಡು ಮಲಗಿದರು. ಬಸಲಿಂಗ ಎಂದಿನಂತೆ ಮಂಚದ ಮಗ್ಗುಲಿಗೆ ಬಂದು, ಅವರ ಎದೆಯ ಮೇಲೆ ಕಣ್ಣಿಟ್ಟು ಕೂತ.

“ಬಸಲಿಂಗಾ.”

“ಹೇಳ್ರಿ ಅಜ್ಜಾ.”

“ಹೊರಗ ಹೋಗಿ ಬಾಗಿಲಾ ಮುಂದಕ್ಕ ಮಾಡೋ ಮಗಾ. ನಾನೂ ಒಂದೀಟು ಕಣ್ಣು ಮುಚ್ಚತೀನಿ.”