ರೆಗ್ಯುಲೇಟರಿನ ಮೂಗು ಕಟ್ಟಿತು

ಒಂದು ಮನೆಗೆ ಆರು ಗಾಲಿಗಳಿದ್ದವು. ಅದು ಹಳೆಯ ಬಸ್ಸು. ಅದರೊಳಗೆ ತುಳಜಜ್ಜಿ ಇದ್ದಳು. ಬೆಳ್ಳಿ ಎಂಬ ಬೆಕ್ಕು ಇತ್ತು. ಬೆಳ್ಳಿಗೆ ಒಂದು ಮರಿ ಇತ್ತು. ಮರಿ ತಾಯಿಯ ಹಾಲು ಬಿಟ್ಟಿತ್ತು. ತಣ್ಣನೆಯ ಹಾಲು ಕೊಟ್ಟರೆ ಕಕ್ಕುತ್ತಿತ್ತು. ಬಿಸಿ ಹಾಲೇ ಬೇಕು.

ಆಯುಧಪೂಜೆಯ ಮರುದಿನ ಒಲೆಯ ನೀಲಿ ಉರಿ ಕಾಣೆಯಾಯಿತು.

ಬೆಳ್ಳಿ ಅಜ್ಜಿಯ ಬಳಿಗೆ ಹೋಯಿತು.

"ಅಜ್ಜಿ, ಅಜ್ಜಿ, ಹಾಲು ಕಾಯಿಸಿ. ಮರಿ ಹಸಿದಿದೆ."

"ಕಾಯಿಸಲಾರೆ. ಒಲೆಯಲ್ಲಿ ಉರಿಯಿಲ್ಲ. ಒಲೆಯ ದೇವಿ ಉರಿಯಮ್ಮ ಮುನಿದಿದ್ದಾಳೆ."

"ಉರಿಯಮ್ಮನನ್ನು ನೀವು ನೋಡಿದ್ದೀರಾ?"

"ನಾನು ನೋಡಿಲ್ಲ. ನಮ್ಮಜ್ಜಿಯ ಅಜ್ಜಿ ನೋಡಿದ್ದಳಂತೆ. ಹಾಗೆಂದು ನಮ್ಮಜ್ಜಿ ಹೇಳಿದ್ದಳು."

ಹೀಗೆಂದು ಅಜ್ಜಿ ಗ್ಯಾಸ್ ಸಿಲಿಂಡರಿನ ಮೇಲಿನ ರೆಗ್ಯುಲೇಟರಿಗೆ ಇನ್ನಷ್ಟು ಕುಂಕುಮ ಮೆತ್ತಿದಳು. ಉರಿ ಬರಲಿಲ್ಲ.

ಬೆಳ್ಳಿ ಒಲೆಯ ಬಳಿಗೆ ಹೋಯಿತು.

"ಒಲೆಯಣ್ಣ, ಒಲೆಯಣ್ಣ, ಉರಿ ಕೊಡು. ಉರಿಯಿಲ್ಲದೆ ಅಜ್ಜಿ ಹಾಲು ಕಾಯಿಸಳು. ಹಾಲಿಲ್ಲದೆ ಮರಿ ಮಲಗದು."

ಒಲೆ ಕೊಡಲಾರೆ ಎಂದಿತು. ಪೈಪು ಗ್ಯಾಸು ತಂದರೆ ತಾನೇ ಉರಿ ಎಂದಿತು.

ಬೆಳ್ಳಿ ಪೈಪಿನ ಬಳಿಗೆ ಹೋಯಿತು.

"ಪೈಪಕ್ಕ, ಪೈಪಕ್ಕ, ಗ್ಯಾಸು ತಾ. ಗ್ಯಾಸಿಲ್ಲದೆ ಒಲೆ ಉರಿ ಕೊಡದು. ಉರಿಯಿಲ್ಲದೆ ಅಜ್ಜಿ ಹಾಲು ಕಾಯಿಸಳು. ಹಾಲಿಲ್ಲದೆ ಮರಿ ಮಲಗದು."

ಪೈಪು ತರಲಾರೆ ಎಂದಿತು. ರೆಗ್ಯುಲೇಟರು ಬಿಟ್ಟರೆ ತಾನೇ ತರುವುದು ಎಂದಿತು.

ಬೆಳ್ಳಿ ರೆಗ್ಯುಲೇಟರಿನ ಬಳಿಗೆ ಹೋಯಿತು.

"ರೆಗ್ಯುಲೇಟರಪ್ಪ, ರೆಗ್ಯುಲೇಟರಪ್ಪ, ಗ್ಯಾಸು ಬಿಡು. ನೀನು ಬಿಡದೆ ಪೈಪು ಗ್ಯಾಸು ತಾರದು. ಗ್ಯಾಸಿಲ್ಲದೆ ಒಲೆ ಉರಿ ಕೊಡದು. ಉರಿಯಿಲ್ಲದೆ ಅಜ್ಜಿ ಹಾಲು ಕಾಯಿಸಳು. ಹಾಲಿಲ್ಲದೆ ಮರಿ ಮಲಗದು."

"ಹೇಗೆ ಬಿಡಲಿ? ನನ್ನ ಮೂಗು ಕಟ್ಟಿದೆ. ಪೂಜೆಗೆಂದು ಅಜ್ಜಿ ಗಂಧ ಮೆತ್ತಿದಳು. ಕುಂಕುಮ ಮೆತ್ತಿದಳು. ಉಸಿರಾಡುವ ತೂತೇ ಮುಚ್ಚಿತು. ಮೆಹರಕ್ಕನನ್ನು ಕರೆ."

ಮೆಹರಕ್ಕ ಎದುರಿನ ಅಂಗಡಿಯಲ್ಲಿ ಒಲೆ ರಿಪೇರಿ ಮಾಡುತ್ತಿದ್ದಳು. ಬೆಳ್ಳಿ ಅವಳಿಗೂ ಎಲ್ಲವನ್ನೂ ಹೇಳಿತು. ರೆಗ್ಯುಲೇಟರು ಬಿಡದು, ಪೈಪು ತಾರದು, ಒಲೆ ಉರಿ ಕೊಡದು, ಅಜ್ಜಿ ಹಾಲು ಕಾಯಿಸಳು, ಮರಿ ಮಲಗದು.

"ಅಜ್ಜಿ ಕರೆಯದೆ ಬರಲಾರೆ," ಎಂದಳು ಮೆಹರಕ್ಕ. "ಉರಿಯಮ್ಮನನ್ನು ಮುಟ್ಟಬೇಡ ಎಂದು ಬೆಳಿಗ್ಗೆಯಷ್ಟೇ ಓಡಿಸಿದಳು."

ಬೆಳ್ಳಿ ಮತ್ತೆ ಅಜ್ಜಿಯ ಬಳಿಗೆ ಬಂದಿತು. ಅಜ್ಜಿಯ ಮಡಿಲಲ್ಲಿ ಮರಿ ಮಲಗಿರಲಿಲ್ಲ. ಮಿಯಾಂ ಎನ್ನುತ್ತಿತ್ತು. ಮಿಯಾಂ ಎನ್ನುವ ದನಿಯೂ ಸಣ್ಣದಾಗಿತ್ತು.

"ಅಜ್ಜಿ, ಉರಿಯಮ್ಮನ ಮುನಿಸು ದೊಡ್ಡದೋ? ಮರಿಯ ಹಸಿವು ದೊಡ್ಡದೋ?"

ಅಜ್ಜಿ ಮರಿಯನ್ನು ನೋಡಿದಳು. ಕುಂಕುಮದ ಬಟ್ಟಲನ್ನು ನೋಡಿದಳು. ಬಟ್ಟಲು ಮುಚ್ಚಿದಳು.

"ಏ ಮೆಹರ, ಬಾರೇ ತಾಯಿ," ಎಂದಳು.

ಮೆಹರಕ್ಕ ಬಂದಳು. ಕಿಟಕಿ ತೆರೆದಳು. ಸಿಲಿಂಡರು ಮುಚ್ಚಿದಳು. ಹಳೆಯ ರೆಗ್ಯುಲೇಟರು ತೆಗೆದಳು. ಹೊಸದನ್ನು ಹಾಕಿದಳು. ಸಿಲಿಂಡರು ತೆರೆದಳು. ಸಾಬೂನಿನ ನೀರು ಸವರಿದಳು. ಗುಳ್ಳೆ ಬಂದರೆ ಸೋರುತ್ತದೆ ಎಂದಳು. ಅಜ್ಜಿ ಬಗ್ಗಿ ನೋಡಿದಳು. ಬೆಳ್ಳಿಯೂ ಬಗ್ಗಿ ನೋಡಿತು. ಒಂದು ಗುಳ್ಳೆಯೂ ಇಲ್ಲ.

ಅಜ್ಜಿ ಕರೆದಳು, ಮೆಹರಕ್ಕ ಬಂದಳು. ಮೆಹರಕ್ಕ ಬಂದಳು, ರೆಗ್ಯುಲೇಟರು ಬಿಟ್ಟಿತು. ರೆಗ್ಯುಲೇಟರು ಬಿಟ್ಟಿತು, ಪೈಪು ತಂದಿತು. ಪೈಪು ತಂದಿತು, ಒಲೆ ನೀಲಿ ಉರಿ ಕೊಟ್ಟಿತು. ಒಲೆ ಉರಿ ಕೊಟ್ಟಿತು, ಅಜ್ಜಿ ಹಾಲು ಕಾಯಿಸಿದಳು. ಅಜ್ಜಿ ಹಾಲು ಕಾಯಿಸಿದಳು, ಮರಿ ಕುಡಿಯಿತು. ಕುಡಿದು ಮಲಗಿತು.

ಈಗ ಪೂಜೆ ಬಂದರೆ ಅಜ್ಜಿ ಸಿಲಿಂಡರಿನ ಹೊಟ್ಟೆಗೆ ಕುಂಕುಮ ಇಡುತ್ತಾಳೆ. ರೆಗ್ಯುಲೇಟರಿನ ಮೂಗಿಗಲ್ಲ.

ಉರಿಯಮ್ಮ ಇನ್ನೂ ಮುನಿದೇ ಇದ್ದಾಳಂತೆ. ಹಾಲು ಮಾತ್ರ ದಿನವೂ ಕಾಯುತ್ತಿದೆ.